ಬಾಟಲಿಯಲ್ಲಿ ಬೆಳೆದ ಸಸಿ ತಾಯಿಗಿಡದಂತೆಯೇ ಇರುತ್ತದಾ? ಅಂಗಾಂಶ ಕೃಷಿಯ ಒಂದು ಟಿಪ್ಪಣಿ

ಅಂಗಾಂಶ ಕೃಷಿ ಅಂದರೆ ಗಿಡದ ಚಿಕ್ಕ ಚೂರನ್ನು ಬಾಟಲಿಯೊಳಗಿನ ಪೋಷಕ ಮಾಧ್ಯಮದಲ್ಲಿ ಬೆಳೆಸಿ ಸಸಿ ಮಾಡುವುದು. ಅದರ ಪಾಠ ಶುರುವಾಗುವುದೇ 'ಎಲ್ಲ ಸಸಿಗಳೂ ತಾಯಿಗಿಡದ ತದ್ರೂಪು' ಎಂಬ ಮಾತಿನಿಂದ. ಸ್ವಲ್ಪ ಮುಂದೆ ಹೋದರೆ 'ಸೊಮಾಕ್ಲೋನಲ್ ವೇರಿಯೇಷನ್', ಅಂದರೆ ಹೀಗೆ ಬೆಳೆದ ಸಸಿಗಳಲ್ಲಿ ಕಾಣುವ ಏರುಪೇರು, ಬರುತ್ತದೆ. ಎರಡೂ ಹೇಗೆ ನಿಜ ಅಂತ ಅನ್ನಿಸುತ್ತೆ, ಅಲ್ವಾ? ಈ ಗೊಂದಲ ಬಿಡಿಸಬೇಕಾದರೆ, ಸಸಿ ಎಷ್ಟು ವರ್ಷ ಬಾಟಲಿಯಲ್ಲಿತ್ತು ಅಂತ ಕೇಳುವ ಮೊದಲು ಅದು ಯಾವ ದಾರಿಯಲ್ಲಿ ಹುಟ್ಟಿತು ಅಂತ ಕೇಳಬೇಕು.

ಎಲೆಯ ಕಂಕುಳಿನ ಮೊಗ್ಗಿನಿಂದ ಚಿಗುರು ತೆಗೆದರೆ ಅಲ್ಲಿ ಮೆರಿಸ್ಟಮ್ (ಹೊಸ ಕೋಶ ಹುಟ್ಟಿಸುವ ಅಂಗಾಂಶ) ಮೊದಲೇ ತಯಾರಾಗಿರುತ್ತದೆ. ನಾವು ಅದಕ್ಕೆ ಬೆಳೆಯಲು ಅವಕಾಶ ಕೊಡುತ್ತೇವೆ, ಅಷ್ಟೇ. ಹಾಗಾಗಿ ಏರುಪೇರು ಕಡಿಮೆ. ಕ್ಯಾಲಸ್, ಅಂದರೆ ರೂಪವಿಲ್ಲದ ಕೋಶಗಳ ಮುದ್ದೆ, ಅದರ ಕಥೆಯೇ ಬೇರೆ. ಎಲೆಯ ಚೂರನ್ನು 2,4-ಡಿ ಎಂಬ ಹಾರ್ಮೋನಿನಂಥ ರಾಸಾಯನಿಕ ಹಾಕಿದ ಮಾಧ್ಯಮದಲ್ಲಿಟ್ಟರೆ ಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು ಸುಮ್ನೆ ಒಡೆದು ಎರಡಾಗುತ್ತಾ ಹೋಗುತ್ತವೆ. ಆ ವೇಗದಲ್ಲಿ ಕೆಲವು ಕಡೆ ವರ್ಣತಂತು ತುಂಡಾಗುತ್ತದೆ, ಕೆಲವು ಕಡೆ ಇಡೀ ಸೆಟ್ ದುಪ್ಪಟ್ಟಾಗುತ್ತದೆ. ಅಲ್ಲದೆ, ಬಲಿತ ಅಂಗಾಂಶದ ಕೆಲವು ಕೋಶಗಳಲ್ಲಿ ಡಿಎನ್ಎ ಮೊದಲೇ ದುಪ್ಪಟ್ಟಾಗಿರುವುದೂ ಉಂಟು. ಅಂಥ ಕೋಶದಿಂದ ಗಿಡ ಬಂದರೆ ತಪ್ಪನ್ನು ಬಾಟಲಿಯ ಮೇಲೆ ಹಾಕುವಂತಿಲ್ಲ.

ಸಬ್‌ಕಲ್ಚರ್ (ಚಿಗುರನ್ನು ಬಿಡಿಸಿ ಹೊಸ ಮಾಧ್ಯಮಕ್ಕೆ ಹಾಕುವುದು) ಸಂಖ್ಯೆಗೆ ಯಾಕೆ ಮಿತಿ ಇಡುತ್ತಾರೆ ಅಂತ ತಿಳಿಯಲು ಒಂದು ಚಿಕ್ಕ ಲೆಕ್ಕ ಹಾಕೋಣ. ಪ್ರತಿ ಸಲ ಒಂದು ಚಿಗುರು 3 ಆಗುತ್ತದೆ ಅಂದುಕೊಳ್ಳಿ. ಒಂದೇ ಚಿಗುರಿನಿಂದ ಶುರು ಮಾಡಿದರೆ 10 ಸುತ್ತಿನ ಹೊತ್ತಿಗೆ 59,049 ಚಿಗುರು. 2ನೇ ಸುತ್ತಿನಲ್ಲಿದ್ದ 9 ಚಿಗುರುಗಳಲ್ಲಿ ಒಂದು ಕೆಟ್ಟಿದ್ದರೆ, ಕೊನೆಗೆ 6,561 ಸಸಿಗಳು ಕೆಟ್ಟಿರುತ್ತವೆ. ಅದೇ ಬದಲಾವಣೆ 9ನೇ ಸುತ್ತಿನಲ್ಲಿ ಆಗಿದ್ದರೆ ಕೆಡುವುದು ಬರೀ 3. ಅಂದರೆ ಸುತ್ತು ಜಾಸ್ತಿಯಾದಷ್ಟೂ ಹೊಸ ತಪ್ಪಿಗೆ ಅವಕಾಶ ಹೆಚ್ಚು, ಹಳೆಯ ತಪ್ಪಿನ ಸಂತಾನವೂ ದೊಡ್ಡದು. ಒಂದು ತಂಡದ ಸಸಿಗಳಲ್ಲಿ ಕೆಟ್ಟವು ತೀರಾ ಕಡಿಮೆ, ಇನ್ನೊಂದರಲ್ಲಿ ರಾಶಿ ರಾಶಿ ಆಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಹಾರುವ ಜೀನ್‌ಗಳು, ಅಂದರೆ ಜೀನೋಮ್‌ನಲ್ಲಿ ಜಾಗ ಬದಲಿಸಬಲ್ಲ ಡಿಎನ್ಎ ತುಣುಕುಗಳು (ಟ್ರಾನ್ಸ್‌ಪೋಸಾನ್). ಭತ್ತದಲ್ಲಿ ಟಾಸ್17 ಎಂಬ ರೆಟ್ರೋಟ್ರಾನ್ಸ್‌ಪೋಸಾನ್ (ತನ್ನ ಪ್ರತಿ ಮಾಡಿಕೊಂಡು ಹಾರುವ ಬಗೆ) ಇದೆ. ಮಾಮೂಲಿ ಗಿಡದಲ್ಲಿ ಅದು ತೆಪ್ಪಗಿರುತ್ತದೆ. ಕಲ್ಚರ್‌ಗೆ ಹಾಕಿದರೆ ಎದ್ದು ತನ್ನ ಪ್ರತಿಗಳನ್ನು ಜೀನೋಮ್‌ನ ಬೇರೆ ಬೇರೆ ಕಡೆ ಸೇರಿಸುತ್ತದೆ. ಕಲ್ಚರ್ ಅವಧಿ ಉದ್ದವಾದಷ್ಟೂ ಪ್ರತಿಗಳು ಹೆಚ್ಚು. ಕ್ಯಾಲಸ್‌ನಿಂದ ಗಿಡವಾದ ಮೇಲೆ ಮತ್ತೆ ಸುಮ್ಮನಾಗುತ್ತದೆ, ಆದರೆ ಸೇರಿದ್ದು ಸೇರಿದ್ದೇ. ವಿಜ್ಞಾನಿಗಳು ಇದೇ ಗುಣ ಬಳಸಿಕೊಂಡು ಭತ್ತದ ಮ್ಯುಟೆಂಟ್ (ಜೀನ್ ಬದಲಾದ) ಸಾಲುಗಳನ್ನು ತಯಾರಿಸಿದ್ದಾರೆ.

ನನ್ನ ಪ್ರಕಾರ ಈ ಅಧ್ಯಾಯದಲ್ಲಿ ಚೆನ್ನಾಗಿ ಓದಲೇಬೇಕಾದ ಉದಾಹರಣೆ ಎಣ್ಣೆ ತಾಳೆಯದು. ಒಳ್ಳೆಯ ಇಳುವರಿಯ ಮರಗಳನ್ನು ಅಂಗಾಂಶ ಕೃಷಿಯಲ್ಲಿ ಹೆಚ್ಚಿಸಿ ನೆಟ್ಟರು. ಸಸಿಗಳು ನೋಡಲು ಲಕ್ಷಣವಾಗಿದ್ದವು. ಕೆಲವು ವರ್ಷ ಕಳೆದು ಹೂ ಬಿಟ್ಟಾಗ ಕೆಲವು ಮರಗಳ ಬಣ್ಣ ಬಯಲಾಯಿತು: ಕೇಸರ ಇರಬೇಕಾದ ಜಾಗದಲ್ಲಿ ಅಂಡಾಶಯದಂಥ ಭಾಗ ಬೆಳೆದು, ಕಾಯಿಯ ಸುತ್ತ ಹೆಚ್ಚುವರಿ ತೊಳೆಗಳು ಅಂಟಿಕೊಂಡಿದ್ದವು. ತೀವ್ರವಾದರೆ ಎಣ್ಣೆ ಇಳುವರಿಯೇ ನೆಲ ಕಚ್ಚುತ್ತದೆ. ಇದಕ್ಕೆ 'ಮ್ಯಾಂಟಲ್ಡ್' ಎಂದು ಹೆಸರು. ಕಾರಣ ಸ್ಪಷ್ಟವಾಗಿದ್ದು 2015ರಲ್ಲಿ. ಹೂವಿನ ರೂಪ ನಿರ್ಧರಿಸುವ ಡೆಫಿಷಿಯನ್ಸ್ ಜೀನ್‌ನ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆಯುವ ಭಾಗ) ಒಳಗೆ ಕರ್ಮಾ ಎಂಬ ಟ್ರಾನ್ಸ್‌ಪೋಸಾನ್ ಕೂತಿದೆ. ಸಾಮಾನ್ಯ ಮರದಲ್ಲಿ ಅದರ ಮೇಲೆ ಮಿಥೈಲ್ ಗುರುತುಗಳು (ಡಿಎನ್ಎಗೆ ಅಂಟುವ ಚಿಕ್ಕ ರಾಸಾಯನಿಕ ಗುಂಪುಗಳು) ದಟ್ಟವಾಗಿರುತ್ತವೆ. ಕಲ್ಚರ್‌ನಲ್ಲಿ ಅವು ಅಳಿಸಿಹೋದರೆ ಆರ್‌ಎನ್‌ಎ ತಪ್ಪು ಜಾಗದಲ್ಲಿ ಜೋಡಣೆಯಾಗಿ ಮೊಟಕಾಗುತ್ತದೆ. ಗಮನಿಸಿ, ಇಲ್ಲಿ ಡಿಎನ್ಎಯ ಒಂದಕ್ಷರವೂ ಬದಲಾಗಿಲ್ಲ. ಗುರುತು ಕಳೆದ ಸ್ಥಿತಿಗೆ ಸಂಶೋಧಕರು ಇಟ್ಟ ಹೆಸರು 'ಬ್ಯಾಡ್ ಕರ್ಮಾ'. ವಿಜ್ಞಾನಿಗಳಿಗೂ ತಮಾಷೆ ಬೇಕಲ್ಲ.

ಸಸಿ ತಾಯಿಗಿಡದಂತೆಯೇ ಇದೆಯಾ ಎಂದು ನೋಡುವ ಪರೀಕ್ಷೆಗಳ ವಿಷಯಕ್ಕೆ ಬರುವಾಗ ಈ ಉದಾಹರಣೆ ನೆನಪಿರಲಿ. ಎಷ್ಟೋ ಪ್ರಬಂಧಗಳಲ್ಲಿ 'ಆರ್‌ಎಪಿಡಿ, ಐಎಸ್‌ಎಸ್‌ಆರ್ ಮಾಡಿದೆವು, ಬ್ಯಾಂಡ್‌ಗಳು ಒಂದೇ ಥರ ಬಂದವು, ಆದ್ದರಿಂದ ಸಸಿಗಳು ಸ್ಥಿರ' ಎಂದಿರುತ್ತದೆ. ಆರ್‌ಎಪಿಡಿ, ಐಎಸ್‌ಎಸ್‌ಆರ್ ಅಂದರೆ ಡಿಎನ್ಎಯ ಕೆಲವು ತುಣುಕುಗಳನ್ನು ನಕಲು ಮಾಡಿ, ಜೆಲ್ ಮೇಲೆ ಪಟ್ಟೆಗಳಾಗಿ (ಬ್ಯಾಂಡ್) ನೋಡುವ ಪರೀಕ್ಷೆಗಳು. ಈ 'ಆದ್ದರಿಂದ' ಸ್ವಲ್ಪ ದುಡುಕು. ಆ ಜೆಲ್ ತೋರಿಸುವುದು ಪ್ರೈಮರ್ (ನಕಲು ಶುರು ಮಾಡುವ ಚಿಕ್ಕ ಡಿಎನ್ಎ ತುಣುಕು) ಅಂಟಿದ ಕೆಲವೇ ಜಾಗಗಳನ್ನು. ವರ್ಣತಂತುಗಳ ಸೆಟ್ ಎರಡರ ಬದಲು ನಾಲ್ಕು ಆಗಿದ್ದರೂ ಬ್ಯಾಂಡ್ ಮಾತ್ರ ಅದೇ ಬರಬಹುದು; ಅದನ್ನು ಹಿಡಿಯಲು ಫ್ಲೋ ಸೈಟೊಮೆಟ್ರಿ (ಕೋಶದ ಡಿಎನ್ಎ ಪ್ರಮಾಣ ಅಳೆಯುವ ವಿಧಾನ) ಬೇಕು, ಇಲ್ಲವೇ ಬೇರಿನ ತುದಿಯಲ್ಲಿ ವರ್ಣತಂತು ಎಣಿಸಬೇಕು. ಮಿಥೈಲ್ ಬದಲಾವಣೆಗೆ ಎಂಎಸ್‌ಎಪಿ ಎಂಬ ಪರೀಕ್ಷೆ ಇದೆ: ಎಚ್‌ಪಿಎ2, ಎಂಎಸ್‌ಪಿ1 ಎಂಬ ಎರಡು ಕಿಣ್ವಗಳೂ ಡಿಎನ್ಎಯಲ್ಲಿ ಸಿಸಿಜಿಜಿ ಎಂಬ ಅಕ್ಷರಸಾಲು ಇರುವಲ್ಲೇ ಕತ್ತರಿಸುತ್ತವೆ, ಆದರೆ ಮಿಥೈಲ್ ಇದ್ದಾಗ ಅವುಗಳ ವರ್ತನೆ ಬೇರೆ ಬೇರೆ. ಆ ವ್ಯತ್ಯಾಸವೇ ಸುಳಿವು.

ಹಾಗಾದರೆ ತಳಿಗಳನ್ನು ವರ್ಷಗಟ್ಟಲೆ ಕಾಪಾಡುವುದು ಹೇಗೆ? ಕೋಶ ಒಡೆಯುವುದನ್ನೇ ನಿಧಾನ ಮಾಡುತ್ತಾರೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿರುವ ಅಂತಾರಾಷ್ಟ್ರೀಯ ಬಾಳೆ ಸಂಗ್ರಹದಲ್ಲಿ ಸಸಿಗಳನ್ನು ಸುಮಾರು 16 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕಡಿಮೆ ಬೆಳಕಿನಲ್ಲಿ ಇಡುತ್ತಾರೆ. ಆಗ ಪದೇ ಪದೇ ಸಬ್‌ಕಲ್ಚರ್ ಮಾಡುವ ಕೆಲಸ ತಪ್ಪುತ್ತದೆ. ಇನ್ನೂ ದೀರ್ಘಕಾಲಕ್ಕೆ ಮೆರಿಸ್ಟಮ್‌ಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಅಷ್ಟು ಚಳಿಯಲ್ಲಿ ಕೋಶ ಒಡೆಯುವ ಮಾತೇ ಇಲ್ಲ. ಆದರೂ ಬಾಟಲಿಯಲ್ಲಿ ಬಹಳ ಕಾಲ ಇದ್ದ ಬಾಳೆಯನ್ನು ಹೊಲದಲ್ಲಿ ನೆಟ್ಟು, ಗೊನೆ ಬರುವ ತನಕ ಕಾದು, ಇದು ಅದೇ ತಳಿಯಾ ಎಂದು ನೋಡುತ್ತಾರೆ. ಕುಳ್ಳಾದ ಗಿಡ, ಬಣ್ಣ ಚದುರಿದ ಎಲೆ ಕಣ್ಣಿಗೆ ಬೀಳುವುದು ಅಲ್ಲೇ.