ಎಕ್ಸ್‌ಪೈರ್ ಆದ ಡೊಮೇನ್ ಬಿಟ್ಟು, ಆಮೇಲೆ ಅಗ್ಗಕ್ಕೆ ತಗೊಂಡರೆ ಆಗಲ್ವಾ?

ಪ್ರಶ್ನೆ: ನಮ್ಮದು ಮಸಾಲೆ ಪುಡಿ, ಉಪ್ಪಿನಕಾಯಿ ಮಾರುವ ಸಣ್ಣ ವ್ಯಾಪಾರ. ವೆಬ್‌ಸೈಟಿನ ಡಾಟ್ ಕಾಮ್ ಹೆಸರು ಎಕ್ಸ್‌ಪೈರ್ ಆಗಿ 20 ದಿನ ಆಯಿತು. ರಿನ್ಯೂ ಮಾಡಲು 1,499 ರೂಪಾಯಿ, ಮೇಲೆ ಜಿಎಸ್‌ಟಿ ಕೇಳುತ್ತಿದ್ದಾರೆ. ಹೊಸ ಡೊಮೇನ್ ಆದರೆ 199ಕ್ಕೇ ಇದೆ. ಹಳೆಯದನ್ನು ಸುಮ್ನೆ ಬಿಟ್ಟು, ಡಿಲೀಟ್ ಆದ ಮೇಲೆ ಅದೇ ಹೆಸರನ್ನು ಹೊಸದಾಗಿ ತಗೊಂಡರೆ ಆಗಲ್ವಾ?

ಬಿಡಬೇಡಿ. ಇವತ್ತೇ ರಿನ್ಯೂ ಮಾಡಿ, ಒಂದೇ ವರ್ಷಕ್ಕೆ ಮಾಡಿ. ಮಿಕ್ಕಿದ್ದನ್ನು ದುಡ್ಡು ಕಟ್ಟಿ ಬಂದು ಓದಿದರೂ ಆಗುತ್ತದೆ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಊರು ಬೇರೆ, ಅಂಗಡಿ ಬೇರೆ, ಆದರೆ ಆ 199ರ ಆಸೆ ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಆ 199 ಎಲ್ಲಿಂದ ಬಂತು ನೋಡಿ. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ಇಟ್ಟುಕೊಂಡಿರುವುದು ಅಮೆರಿಕದ ವೆರಿಸೈನ್ ಕಂಪನಿ. ನಮಗೆ ಡೊಮೇನ್ ಮಾರುವ ರಿಜಿಸ್ಟ್ರಾರ್‌ಗಳು ಪ್ರತಿ ಹೆಸರಿಗೂ ವರ್ಷಕ್ಕೆ ಇಷ್ಟು ಅಂತ ಅವರಿಗೆ ಕಟ್ಟಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ದರ 10.26 ಡಾಲರ್ ಆಯಿತು. ಅಂದರೆ ನಿಮಗೆ 199ಕ್ಕೆ ಕೊಟ್ಟವರು ಕೈಯಿಂದ ದುಡ್ಡು ಹಾಕಿ ಕೊಟ್ಟಿದ್ದಾರೆ. ಎರಡನೇ ವರ್ಷದಿಂದ ವಸೂಲಿ ಶುರು. ಬಿಟ್ಟು ಮತ್ತೆ ತಗೊಂಡರೂ ಮುಂದಿನ ವರ್ಷ ಅದೇ 1,499ರ ಮುಂದೆ ಬಂದು ನಿಲ್ಲುತ್ತೀರಿ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ. ‘ಎಕ್ಸ್‌ಪೈರ್ ಆದ ಡೊಮೇನ್ ಸ್ವಲ್ಪ ದಿನಕ್ಕೆ ಖಾಲಿಯಾಗುತ್ತದೆ, ಆಗ ಯಾರು ಬೇಕಾದರೂ ತಗೋಬಹುದು.’

ಎಕ್ಸ್‌ಪೈರ್ ಆದ ದಿನ ಹೆಸರು ಖಾಲಿಯಾಗುವುದಿಲ್ಲ. ಡಾಟ್ ಕಾಮ್‌ನಲ್ಲಿ ಮೊದಲು ಗ್ರೇಸ್ ಅವಧಿ ಇರುತ್ತದೆ, ಗರಿಷ್ಠ 45 ದಿನ. ಅದರಲ್ಲಿ ನಿಮಗೆ ಎಷ್ಟು ದಿನ ಕೊಡುವುದು ಅನ್ನುವುದು ರಿಜಿಸ್ಟ್ರಾರ್ ಇಷ್ಟ. ಈ ಅವಧಿಯಲ್ಲಿ ಸಾಮಾನ್ಯವಾಗಿ ಮಾಮೂಲಿ ರೇಟಿಗೇ ರಿನ್ಯೂ ಆಗುತ್ತದೆ. ಆಮೇಲೆ ಹೆಸರನ್ನು ಡಿಲೀಟ್‌ಗೆ ಹಾಕಿದರೆ 30 ದಿನ ರಿಡೆಂಪ್ಶನ್, ಅಂದರೆ ಹಳೆಯ ಮಾಲೀಕರು ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಧಿ. ಆಗ ವಾಪಸ್ ತರಲು ವೆರಿಸೈನ್‌ಗೇ 40 ಡಾಲರ್ ಹೋಗುತ್ತದೆ. ಅದರ ಮೇಲೆ ರಿಜಿಸ್ಟ್ರಾರ್ ತನ್ನದನ್ನು ಸೇರಿಸುತ್ತಾನೆ, ರಿನ್ಯೂವಲ್ ದುಡ್ಡು ಬೇರೆ. ಕೊನೆಗೆ 5 ದಿನ ಪೆಂಡಿಂಗ್ ಡಿಲೀಟ್. ಆ 5 ದಿನ ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಯಾರೂ ಏನೂ ಮಾಡಲು ಆಗುವುದಿಲ್ಲ. ಎಲ್ಲ ಸೇರಿ ಸುಮಾರು ಎರಡೂವರೆ ತಿಂಗಳು. ಅಷ್ಟು ದಿನ ನಿಮ್ಮ ಸೈಟ್ ಇಲ್ಲ, ಆ ಹೆಸರಿನ ಇಮೇಲ್ ಇಲ್ಲ. ಉಪ್ಪಿನಕಾಯಿ ಸೀಸನ್ನಿನಲ್ಲಿ ಎರಡೂವರೆ ತಿಂಗಳು ಅಂದರೆ ಎಷ್ಟು ಆರ್ಡರ್, ನೀವೇ ಲೆಕ್ಕ ಹಾಕಿ.

ಇಷ್ಟು ಕಾದ ಮೇಲಾದರೂ ಹೆಸರು ನಿಮಗೇ ಸಿಗುತ್ತದೆಯೇ? ಎಷ್ಟೋ ಹೆಸರುಗಳು ಡಿಲೀಟ್ ತನಕ ಹೋಗುವುದೇ ಇಲ್ಲ. ಗ್ರೇಸ್ ಅವಧಿ ಮುಗಿಯುವ ಮೊದಲೇ ಹರಾಜಿಗೆ ಹಾಕುವ ರಿಜಿಸ್ಟ್ರಾರ್‌ಗಳು ಇದ್ದಾರೆ. ನೀವು ಸೈನ್ ಅಪ್ ಆಗುವಾಗ ಒಪ್ಪಿದ ನಿಯಮಗಳಲ್ಲೇ ಅದು ಇರುತ್ತದೆ. ಗೆದ್ದವರಿಗೆ ಹೆಸರು ನೇರವಾಗಿ ಹೋಗುತ್ತದೆ. ನೀವು ಕಾಯುತ್ತಿರುವ ‘ಖಾಲಿ’ ದಿನ ಬರುವುದೇ ಇಲ್ಲ.

ಡಿಲೀಟ್ ಆಗುವ ಹೆಸರುಗಳನ್ನು ಹಿಡಿಯಲು ಡ್ರಾಪ್ ಕ್ಯಾಚಿಂಗ್ ಅನ್ನುವ ದೊಡ್ಡ ವ್ಯಾಪಾರವೇ ಇದೆ. ಹೆಸರು ಬಿಡುಗಡೆಯಾಗುವ ಕ್ಷಣಕ್ಕೆ ಅವರ ಕಂಪ್ಯೂಟರ್‌ಗಳು ಒಂದರ ಮೇಲೊಂದು ಅರ್ಜಿ ಕಳಿಸುತ್ತವೆ. ನೀವು ಬೆಳಿಗ್ಗೆ ಕಾಫಿ ಕುಡಿದು ಲ್ಯಾಪ್‌ಟಾಪ್ ತೆಗೆಯುವಷ್ಟರಲ್ಲಿ ಆಟ ಮುಗಿದಿರುತ್ತದೆ.

‘ನಮ್ಮ ಉಪ್ಪಿನಕಾಯಿ ಅಂಗಡಿ ಹೆಸರು ಯಾರಿಗೆ ಬೇಕು?’ ಅಂತ ಮರುಪ್ರಶ್ನೆ ಬರುತ್ತದೆ. ನಿಮ್ಮ ಹೆಸರಿನ ಮೇಲೆ ಅವರಿಗೆ ಪ್ರೀತಿ ಇಲ್ಲ, ನಿಜ. ಅವರಿಗೆ ಬೇಕಾದದ್ದು ಆ ಹೆಸರಿಗೆ ಬರುವ ಜನ. ಗೂಗಲ್‌ನಲ್ಲಿರುವ ಹಳೆಯ ಲಿಂಕುಗಳು, ನೀವು ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿದ ವಿಳಾಸ, ಗಿರಾಕಿಗಳ ವಾಟ್ಸಾಪ್‌ನಲ್ಲಿ ಉಳಿದ ಮೆಸೇಜು. ಅದನ್ನು ಒತ್ತಿದವರಿಗೆ ನಾಳೆ ಜೂಜಿನ ಸೈಟ್ ಕಾಣಿಸಬಹುದು, ನಿಮ್ಮದೇ ಹೆಸರಿನ ನಕಲಿ ಅಂಗಡಿಯೂ ಕಾಣಿಸಬಹುದು.

ಅದಕ್ಕಿಂತ ನನಗೆ ಹೆದರಿಕೆ ಇರುವುದು ಇಮೇಲ್ ಬಗ್ಗೆ. ಹೆಸರು ಯಾರ ಕೈಯಲ್ಲಿದೆಯೋ ಆ ಹೆಸರಿಗೆ ಬರುವ ಮೇಲ್ ಕೂಡ ಅವರದ್ದೇ. ಜಿಎಸ್‌ಟಿ, ಬ್ಯಾಂಕ್, ಕೊರಿಯರ್ ಖಾತೆಗಳಿಗೆ ಆ ಇಮೇಲ್ ಕೊಟ್ಟಿದ್ದರೆ, ಪಾಸ್‌ವರ್ಡ್ ಬದಲಿಸುವ ಲಿಂಕು ಹೋಗುವುದು ಹೊಸಬರಿಗೆ.

ಯಾರೂ ಕೈ ಹಾಕದೆ ಉಳಿದು, ಮತ್ತೆ ಅಗ್ಗಕ್ಕೆ ಸಿಗುವ ಹೆಸರುಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮದು ಅಂಥದ್ದೇ ಅಂತ ಮೊದಲೇ ತಿಳಿಯುವ ದಾರಿ ಇಲ್ಲ. ಕಳೆದುಕೊಂಡ ಮೇಲೆ ಕಾನೂನು ದಾರಿ ಹಿಡಿಯಬೇಕೆಂದರೆ ಮೊದಲು ಟ್ರೇಡ್‌ಮಾರ್ಕ್ ಹಕ್ಕು ತೋರಿಸಬೇಕು. ಡಾಟ್ ಕಾಮ್ ವಿವಾದವನ್ನು ಜಿನೀವಾದ ವೈಪೋಗೆ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಒಯ್ದರೆ ಒಬ್ಬರೇ ತೀರ್ಪುಗಾರರಿದ್ದರೂ ಶುಲ್ಕ 1,500 ಡಾಲರ್. 1,300 ರೂಪಾಯಿ ಉಳಿಸಲು ಹೋಗಿ ಇಲ್ಲಿಗೆ ಬಂದು ನಿಲ್ಲುವುದು ಬೇಡ.

ದೊಡ್ಡವರೂ ಮರೆಯುತ್ತಾರೆ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್, ಲಾಗಿನ್‌ಗೆ ಬಳಸುತ್ತಿದ್ದ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ ದುಡ್ಡು ಕಟ್ಟಲು ಮರೆತು, ಜನರಿಗೆ ಅದರ ಇಮೇಲ್ ಸೇವೆ ಹಾಟ್‌ಮೇಲ್ ಒಳಗೆ ಹೋಗಲು ಆಗಲಿಲ್ಲ. ಕೊನೆಗೆ ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದರು. ಮೈಕ್ರೋಸಾಫ್ಟ್ ಪುಣ್ಯಕ್ಕೆ ಒಳ್ಳೆಯ ಮನುಷ್ಯ ಸಿಕ್ಕಿದ.

ಹಾಗಾದರೆ ನಿಜವಾಗಿ ಉಳಿತಾಯ ಎಲ್ಲಿದೆ? ಟ್ರಾನ್ಸ್‌ಫರ್‌ನಲ್ಲಿ, ಅಂದರೆ ಅದೇ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಬದಲಿಸುವುದರಲ್ಲಿ. ರಿನ್ಯೂವಲ್ ದರ ಕಡಿಮೆ ಇರುವ ರಿಜಿಸ್ಟ್ರಾರ್ ಹುಡುಕಿ, ಮೊದಲ ವರ್ಷದ ದರವನ್ನು ನೋಡಲೇಬೇಡಿ. ಹಳೆಯ ಖಾತೆಯಲ್ಲಿ ಟ್ರಾನ್ಸ್‌ಫರ್ ತಡೆಯುವ ಲಾಕ್ ತೆಗೆದು, ಆಥ್ ಕೋಡ್ (ಟ್ರಾನ್ಸ್‌ಫರ್‌ಗೆ ಬೇಕಾದ ಗುಪ್ತ ಸಂಕೇತ) ತಗೊಂಡು, ಹೊಸ ಕಡೆ ಒಂದು ವರ್ಷದ ದುಡ್ಡು ಕಟ್ಟಿದರೆ ಆಯಿತು. ಕೋಡ್ ಕೊಡಲು ಹಳಬರಿಗೆ 5 ದಿನ, ಹೆಸರು ಬದಲಾಗಲು ಇನ್ನೊಂದು 5 ದಿನ ಹಿಡಿಯಬಹುದು. ಉಳಿದ ದಿನಗಳು ಹಾಳಾಗುವುದಿಲ್ಲ, ಹಳೆಯ ಕೊನೆ ದಿನಾಂಕಕ್ಕೇ ಒಂದು ವರ್ಷ ಸೇರುತ್ತದೆ.

ಎಕ್ಸ್‌ಪೈರ್ ಆದ ಮೇಲೂ ಗ್ರೇಸ್ ಅವಧಿಯಲ್ಲಿ ಟ್ರಾನ್ಸ್‌ಫರ್‌ಗೆ ಅವಕಾಶ ಇದೆ. ನಿಮ್ಮದು ಐದನೇ ದಿನ ಆಗಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ 20 ದಿನಕ್ಕೆ ಇನ್ನೂ 10 ದಿನ ಸೇರಿಸಿದರೆ ಹರಾಜಿನ ಬಾಗಿಲಿಗೆ ಹೋದ ಹಾಗೆ. ಅದಕ್ಕೇ ಇವತ್ತೇ ರಿನ್ಯೂ ಅಂದದ್ದು. ಬಿಲ್ಲಿನಲ್ಲಿ ತಾನಾಗಿ ಟಿಕ್ ಆಗಿರುವ ಎಕ್ಸ್‌ಟ್ರಾಗಳನ್ನು ತೆಗೆಯಿರಿ. ಸೈಟಿಗೆ ಬೀಗದ ಗುರುತಿನ ಸುರಕ್ಷತೆ ಕೊಡುವ ಎಸ್‌ಎಸ್‌ಎಲ್‌ಗೆ ದುಡ್ಡು ಕೊಡಬೇಕಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಪುಕ್ಕಟೆ ಕೊಡುತ್ತದೆ.

ಒಂದು ಬಲೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಎಕ್ಸ್‌ಪೈರ್ ಆದ ಮೇಲೆ ರಿನ್ಯೂ ಮಾಡಿ, ಆ 45 ದಿನದ ಒಳಗೇ ಟ್ರಾನ್ಸ್‌ಫರ್ ಮಾಡಿದರೆ ರಿನ್ಯೂ ಮಾಡಿದ ವರ್ಷ ಅಳಿಸಿಹೋಗುತ್ತದೆ. ವೆರಿಸೈನ್ ಆ ದುಡ್ಡನ್ನು ಹಳೆಯ ರಿಜಿಸ್ಟ್ರಾರ್‌ಗೆ ವಾಪಸ್ ಕೊಡುತ್ತದೆ. ಅವರು ನಿಮಗೆ ಕೊಡುತ್ತಾರೆ ಅನ್ನುವ ಖಾತ್ರಿ ಇಲ್ಲ. ಆದ್ದರಿಂದ ಎಕ್ಸ್‌ಪೈರ್ ಆದ ದಿನದಿಂದ 45 ದಿನ ದಾಟಲಿ, ಆಮೇಲೆ ಬದಲಿಸಿ.

ಆಟೋ ರಿನ್ಯೂ ಹಾಕಿದ್ದೆ, ಆದರೂ ಯಾಕೆ ಎಕ್ಸ್‌ಪೈರ್ ಆಯಿತು ಅಂತ ಕೇಳುವವರಿಗೆ: 2021ರ ಅಕ್ಟೋಬರ್ 1ರಿಂದ ಆರ್‌ಬಿಐ ನಿಯಮ ಬದಲಾಗಿದೆ. ನೀವು ಇ-ಮ್ಯಾಂಡೇಟ್ (ಮತ್ತೆ ಮತ್ತೆ ದುಡ್ಡು ಕಡಿತಕ್ಕೆ ಮೊದಲೇ ಕೊಡುವ ಒಪ್ಪಿಗೆ) ಒಪ್ಪಿರದಿದ್ದರೆ ನಮ್ಮ ಕಾರ್ಡುಗಳಿಂದ ದುಡ್ಡು ತಾನಾಗಿ ಹೋಗುವುದಿಲ್ಲ. ವಿದೇಶಿ ರಿಜಿಸ್ಟ್ರಾರ್ ಆದರೆ ಆಟೋ ರಿನ್ಯೂ ನಂಬಿ ಕೂರಬೇಡಿ, ಫೋನಿನಲ್ಲಿ ಎರಡು ತಿಂಗಳ ಮೊದಲಿನ ಅಲಾರಂ ಇಡಿ.

ನೀವು ಕೇಳದೇ ಇದ್ದ ಒಂದು ವಿಷಯ. ಆ ಡೊಮೇನ್ ಯಾರ ಖಾತೆಯಲ್ಲಿದೆ? ಸೈಟ್ ಮಾಡಿಕೊಟ್ಟ ಹುಡುಗ ತನ್ನ ಖಾತೆಯಲ್ಲೇ ತಗೊಂಡಿದ್ದರೆ ದಾಖಲೆಯ ಪ್ರಕಾರ ಹೆಸರು ಅವನದ್ದು. ಡಾಟ್ ಕಾಮ್‌ಗೆ ರಿಜಿಸ್ಟ್ರಾರ್ ಎಕ್ಸ್‌ಪೈರ್ ಆಗುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಆದ ಮೇಲೆ 5 ದಿನದ ಒಳಗೆ ಮೇಲ್ ಕಳಿಸಲೇಬೇಕು ಅಂತ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ ಇದೆ. ನಿಮಗೆ ಮೂರರಲ್ಲಿ ಒಂದೂ ಬಂದಿಲ್ಲ ಅಂದರೆ, ಸ್ಪ್ಯಾಮ್ ನೋಡಿ. ಅಲ್ಲೂ ಇಲ್ಲದಿದ್ದರೆ ಮೇಲ್ ಅವನಿಗೆ ಹೋಗಿರಬೇಕು, ಇಲ್ಲವೇ ಇದೇ ಡೊಮೇನಿನ ಇಮೇಲ್‌ಗೆ ಹೋಗಿ, ಎಕ್ಸ್‌ಪೈರ್ ಆದ ಮೇಲಿನದ್ದು ಅಲ್ಲೇ ನಿಂತಿರಬೇಕು. ಅವನಿಗೆ ಫೋನ್ ಮಾಡಿ, ಅದೇ ರಿಜಿಸ್ಟ್ರಾರ್‌ನಲ್ಲಿ ನಿಮ್ಮ ಹೆಸರಲ್ಲಿ ಖಾತೆ ತೆರೆದು, ‘ಡೊಮೇನನ್ನು ಇದಕ್ಕೆ ಪುಶ್ ಮಾಡಪ್ಪ’ (ಈ ಖಾತೆಗೆ ದಾಟಿಸು) ಅನ್ನಿ. ಸಾಮಾನ್ಯವಾಗಿ ಇದಕ್ಕೆ ದುಡ್ಡಿಲ್ಲ. ಖಾತೆಗೆ ಜಿಮೇಲ್ ತರಹದ ಬೇರೆ ವಿಳಾಸ ಕೊಡಿ.