ಆಧಾರ್ ಲಿಂಕ್ ಆಗಿದೆ, ಸ್ಕಾಲರ್‌ಶಿಪ್ ಮಾತ್ರ ಬಂದಿಲ್ಲ

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷ. ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಜಾಲತಾಣದಲ್ಲಿ) ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ತೋರಿಸುತ್ತಿದೆ. ಜೊತೆಯವರಿಗೆಲ್ಲ ದುಡ್ಡು ಬಂದು ತಿಂಗಳಾಯಿತು. ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನವರೇ ಹೇಳಿದ್ದಾರೆ. ನನಗೆ ಮಾತ್ರ ಯಾಕೆ ಬಂದಿಲ್ಲ?

ಉತ್ತರ: ಪ್ರತಿ ವರ್ಷ ಇದೇ ಪ್ರಶ್ನೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. "ಬ್ಯಾಂಕಿನವರೇ ಹೇಳಿದ್ದಾರೆ" ಅನ್ನುವುದಂತೂ ತಪ್ಪದೇ ಇರುತ್ತದೆ. ಬ್ಯಾಂಕಿನವರು ಸುಳ್ಳು ಹೇಳಿಲ್ಲ. ನೀವು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ. ಕೇಳಬೇಕಾದ್ದನ್ನು ನೀವು ಕೇಳಿಲ್ಲ.

ಎಸ್‌ಎಸ್‌ಪಿ ಅರ್ಜಿ ತುಂಬಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಆಧಾರ್ ಕೊಟ್ಟಿರಿ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಟ್ಟಿರಿ, ಕಾಲೇಜಿನ ವಿವರ ಕೊಟ್ಟಿರಿ. ಬ್ಯಾಂಕ್ ಖಾತೆ ಸಂಖ್ಯೆಯನ್ನು ಎಲ್ಲಿ ಬರೆದಿರಿ? ಎಲ್ಲೂ ಇಲ್ಲ. ಕಾಲೇಜಿನ ಆಫೀಸಿಗೆ ಕೊಟ್ಟ ಪಾಸ್‌ಬುಕ್ ಜೆರಾಕ್ಸ್ ಅವರ ಫೈಲಿನಲ್ಲೇ ಇರುತ್ತದೆ, ಹಣ ಅದನ್ನು ನೋಡಿಕೊಂಡು ಬರುವುದಿಲ್ಲ. ಖಜಾನೆಯಿಂದ ಹೊರಡುವ ಹಣಕ್ಕೆ ವಿಳಾಸ ನಿಮ್ಮ ಆಧಾರ್ ನಂಬರ್ ಒಂದೇ.

ಆಧಾರ್ ನಂಬರಿನಿಂದ ಹಣ ಬ್ಯಾಂಕು ಮುಟ್ಟುವುದು ಹೇಗೆ? ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಎಂಬ ಸಂಸ್ಥೆ ಒಂದು ಪಟ್ಟಿ ಇಟ್ಟುಕೊಂಡಿದೆ, ಅದಕ್ಕೆ ಮ್ಯಾಪರ್ ಎನ್ನುತ್ತಾರೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು. ಖಾತೆ ಸಂಖ್ಯೆ ಅಲ್ಲಿ ಇರುವುದೇ ಇಲ್ಲ, ಬ್ಯಾಂಕಿನ ಗುರುತು ಮಾತ್ರ. ಹಣ ಆ ಬ್ಯಾಂಕಿಗೆ ಹೋಗುತ್ತದೆ, ನಿಮ್ಮ ಯಾವ ಖಾತೆಗೆ ಹಾಕಬೇಕು ಎಂಬುದನ್ನು ಬ್ಯಾಂಕು ತನ್ನ ದಾಖಲೆ ನೋಡಿ ತೀರ್ಮಾನಿಸುತ್ತದೆ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇಟ್ಟುಕೊಂಡವರು ಇದನ್ನು ಇನ್ನೊಮ್ಮೆ ಓದಿ.

ಹಾಗಾಗಿ "ಲಿಂಕ್" ಎಂಬ ಒಂದೇ ಪದದಲ್ಲಿ ಎರಡು ಕೆಲಸ ಅಡಗಿವೆ. ಕೆವೈಸಿಗೆ, ಅಂದರೆ ಬ್ಯಾಂಕಿನಲ್ಲಿರುವ ನಿಮ್ಮ ಗುರುತಿನ ದಾಖಲೆಗೆ, ಆಧಾರ್ ಸೇರಿಸುವುದು ಒಂದು. ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಮೂರರಲ್ಲೂ ಸೇರಿಸಬಹುದು. ಸರ್ಕಾರದ ಹಣ ಪಡೆಯಲು ಮ್ಯಾಪರ್‌ನಲ್ಲಿ ಸೀಡಿಂಗ್ ಮಾಡಿಸುವುದು, ಅಂದರೆ ಆ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಬ್ಯಾಂಕಿನ ಹೆಸರು ಸೇರಿಸುವುದು, ಇನ್ನೊಂದು. ಅದು ಒಂದೇ ಬ್ಯಾಂಕಿಗೆ, ಕೊನೆಗೆ ಯಾರು ಸೀಡ್ ಮಾಡಿದರೋ ಅವರಿಗೆ. ಮೂರು ಪಾಸ್‌ಬುಕ್ ಹರಡಿಕೊಂಡು "ಮೂರೂ ಲಿಂಕ್ ಆಗಿವೆ ಸಾರ್" ಅನ್ನುವವರಿಗೆ ಇದನ್ನು ತಿಳಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ.

ಪಟ್ಟಿಯಲ್ಲಿ ಬ್ಯಾಂಕು ತಾನಾಗಿ ಬದಲಾಗಿದ್ದು ಹೇಗೆ ಅಂತೀರಾ? ತಾನಾಗಿ ಬದಲಾಗಿಲ್ಲ, ನೀವೇ ಒಪ್ಪಿಗೆ ಕೊಟ್ಟಿರುತ್ತೀರಿ. ಅಡ್ಮಿಷನ್ ಸಮಯದಲ್ಲಿ ಕ್ಯಾಂಪಸ್ಸಿನಲ್ಲಿ ಮೇಜು ಹಾಕಿಕೊಂಡು ಜೀರೋ ಬ್ಯಾಲೆನ್ಸ್ ಖಾತೆ ತೆರೆಸುತ್ತಾರೆ, ಮೊಬೈಲ್ ಆ್ಯಪಿನಲ್ಲಿ ಹತ್ತು ನಿಮಿಷಕ್ಕೆ ಖಾತೆ ಆಗುತ್ತದೆ. ಆ ಅರ್ಜಿಯೊಳಗೆ "ಸರ್ಕಾರಿ ಸೌಲಭ್ಯದ ಹಣ ಈ ಖಾತೆಗೇ ಬರಲಿ" ಎಂಬ ಒಂದು ಸಾಲು, ಪಕ್ಕದಲ್ಲಿ ಟಿಕ್ ಹಾಕುವ ಚೌಕ. ಯಾರೂ ಓದುವುದಿಲ್ಲ. 2017ರಲ್ಲಿ ಮೊಬೈಲ್ ಕಂಪನಿಯೊಂದರ ಪೇಮೆಂಟ್ಸ್ ಬ್ಯಾಂಕಿಗೆ ಹೀಗೆಯೇ ಜನರ ಗ್ಯಾಸ್ ಸಬ್ಸಿಡಿ ಹರಿದು ಹೋಗಿ ದೊಡ್ಡ ರಂಪವಾಗಿತ್ತು. ಬಹಳ ಮಂದಿಗೆ ಅಂಥದ್ದೊಂದು ಖಾತೆ ಇದೆಯೆಂದೇ ಗೊತ್ತಿರಲಿಲ್ಲ.

ಈಗ ಮಾಡಬೇಕಾದ್ದು. ಮೈ ಆಧಾರ್ ಜಾಲತಾಣಕ್ಕೆ ಹೋಗಿ, ಆಧಾರ್‌ಗೆ ಕೊಟ್ಟ ಮೊಬೈಲಿಗೆ ಬರುವ ಒಟಿಪಿ ಹಾಕಿ ಒಳಗೆ ಹೋಗಿ, "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಒತ್ತಿ. ಬ್ಯಾಂಕಿನ ಹೆಸರು, ಆ್ಯಕ್ಟಿವ್ ಇದೆಯೋ ಇಲ್ಲವೋ ಎಂಬುದು, ಕೊನೆಗೆ ಬದಲಾದ ದಿನಾಂಕ, ಮೂರೂ ಕಾಣುತ್ತವೆ. ದಿನಾಂಕವನ್ನು ಗಮನವಿಟ್ಟು ನೋಡಿ, ಯಾವ ಖಾತೆ ತೆರೆದಾಗ ಎಡವಟ್ಟಾಯಿತು ಎಂದು ಅದೇ ಹೇಳುತ್ತದೆ. (ಧಾರವಾಡದ ಕಡೆಯವರಿಗೆ: 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದೆ. ಹೆಸರು ಬದಲಾಗಿ ಕಂಡರೆ ಗಾಬರಿ ಬೇಡ.) ಡಿಬಿಟಿ (ಸರ್ಕಾರದ ಹಣ ನೇರವಾಗಿ ಖಾತೆಗೆ ಹಾಕುವ ವ್ಯವಸ್ಥೆ) ಕರ್ನಾಟಕ ಆ್ಯಪನ್ನೂ ಹಾಕಿಕೊಳ್ಳಿ, ಯಾವ ಯೋಜನೆಯ ಹಣ ಎಷ್ಟು, ಯಾವ ದಿನ ಬಿದ್ದಿದೆ ಎಂಬುದು ಅಲ್ಲಿ ಸಿಗುತ್ತದೆ.

ಹಣ ಬಿದ್ದಿದೆ, ಆದರೆ ನೀವು ಮರೆತ ಖಾತೆಗೆ ಬಿದ್ದಿದೆ ಎಂದಾದರೆ ಅದು ಎಲ್ಲೂ ಹೋಗಿಲ್ಲ, ಅಲ್ಲಿಂದಲೇ ತೆಗೆದುಕೊಳ್ಳಿ. ಎರಡು ವರ್ಷ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿದ್ದರೆ ಶಾಖೆಗೆ ಹೋಗಿ ಕೆವೈಸಿ ಕೊಟ್ಟು ಚಾಲೂ ಮಾಡಿಸಿ. ಸೀಡಿಂಗೇ ಇಲ್ಲ, ಅಥವಾ ಇನ್‌ಆ್ಯಕ್ಟಿವ್ ಎಂದಿದ್ದರೆ ಹಣ ಮುಟ್ಟಲು ಜಾಗವಿಲ್ಲದೆ ವಾಪಸ್ ಹೋಗಿರುತ್ತದೆ. ಆಗ ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಮಾಡಿ" ಅನ್ನಬೇಡಿ. "ಎನ್‌ಪಿಸಿಐ ಮ್ಯಾಪರ್‌ನಲ್ಲಿ ಡಿಬಿಟಿಗೆ ಸೀಡಿಂಗ್ ಮಾಡಬೇಕು, ಒಪ್ಪಿಗೆ ಫಾರಂ ಕೊಡಿ" ಅನ್ನಿ. ಬೇರೆ ಬ್ಯಾಂಕಿನಿಂದ ಇಲ್ಲಿಗೆ ತರುತ್ತಿದ್ದರೆ ಫಾರಂನಲ್ಲಿ ಹಳೆಯ ಬ್ಯಾಂಕಿನ ಹೆಸರು ಬರೆಯಬೇಕು. ಸೀಲು ಹಾಕಿದ ಪ್ರತಿ ಕೇಳಿ ಪಡೆಯಿರಿ. ಕೆಲವು ದಿನ ಬಿಟ್ಟು ಸ್ಟೇಟಸ್ ಮತ್ತೆ ನೋಡಿ. ಬದಲಾಗಿದ್ದರೆ ಅದರ ಪ್ರಿಂಟ್ ಹಿಡಿದು ನಿಮ್ಮ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ಮತ್ತೆ ಪಾವತಿಗೆ ಕಳಿಸಲು ಕೇಳಿ. ಹಣ ಕೈಗೆ ಬರುವವರೆಗೆ ದಯವಿಟ್ಟು ಇನ್ನೊಂದು ಖಾತೆ ತೆರೆಯಬೇಡಿ, ಖಾತೆ ತೆರೆದವರಿಗೆ ಬ್ಯಾಗು ಕೊಟ್ಟರೂ ಸರಿ.

ಇದರ ಬೆನ್ನಿಗೇ ಇರುವ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಬಂದ ಹಣದಲ್ಲಿ ನನ್ನದೆಷ್ಟು? ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೇ ನೋಡಿ. ಅದರಲ್ಲಿ ಎರಡು ಭಾಗ: ಕಾಲೇಜಿನ ಶುಲ್ಕ ಮತ್ತು ನಿರ್ವಹಣಾ ಭತ್ಯೆ. ಶುಲ್ಕದ ಭಾಗ ನಿಮ್ಮ ಖಾತೆಗೆ ಬಂದರೂ ಕಾಲೇಜಿಗೆ ಕಟ್ಟಬೇಕಾದ ದುಡ್ಡು. ಅದರಲ್ಲಿ ಫೋನು ಕೊಂಡವರಿಗೆ ಹಾಲ್ ಟಿಕೆಟ್ ಹೊತ್ತಿಗೆ ಕಾಲೇಜಿನ ಕೌಂಟರಿನಲ್ಲಿ ಲೆಕ್ಕ ಎದುರಾಗುತ್ತದೆ. ಭತ್ಯೆ, ಬಿ.ಎ., ಬಿ.ಕಾಂ.ನಂಥ ಸಾಮಾನ್ಯ ಪದವಿಗೆ, ಮನೆಯಿಂದ ಓಡಾಡುವವರಿಗೆ ವರ್ಷಕ್ಕೆ 3,000 ರೂಪಾಯಿ, ಹಾಸ್ಟೆಲಿನವರಿಗೆ 6,000. ಎಂಜಿನಿಯರಿಂಗ್, ವೈದ್ಯಕೀಯಕ್ಕೆ 7,000 ಮತ್ತು 13,500. ಮೂರು ಸಾವಿರವನ್ನು ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 300. ಅದರಲ್ಲಿ ಊಟ, ಬಸ್ಸು, ಪುಸ್ತಕ ಎಲ್ಲ ನಡೆಯುವುದಿಲ್ಲ.

ಹಾಗಾಗಿ ಸ್ಕಾಲರ್‌ಶಿಪ್‌ಗಿಂತ ಸರ್ಕಾರಿ ಹಾಸ್ಟೆಲಿನ ಸೀಟೇ ದೊಡ್ಡದು. ಅದರ ಅರ್ಜಿಯ ಕೊನೆ ದಿನ ತಪ್ಪಿಸಿಕೊಂಡವರಿಗೆ ಆ ವರ್ಷದ ಕಾಲೇಜು ಜೀವನವೇ ಬೇರೆಯಾಗುತ್ತದೆ: ರೂಮು, ಬಾಡಿಗೆ, ಸಂಜೆ ಕೆಲಸ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಎಂಬ ಊಟ-ವಸತಿ ಸಹಾಯಧನ ಇದೆ, ತಿಂಗಳಿಗಿಷ್ಟು ಎಂದು ಹತ್ತು ತಿಂಗಳು. ಹಾಸ್ಟೆಲಿನಲ್ಲಿ ಇದ್ದುಕೊಂಡು ಅದನ್ನೂ ಕೇಳಬೇಡಿ, ಕೊಡುವುದಿಲ್ಲ.

ಇನ್ನೊಂದು ತೊಡಕು ಸಮಯದ್ದು. ಖರ್ಚು ವರ್ಷದ ಶುರುವಿನಲ್ಲಿ, ಹಣ ವರ್ಷದ ಕೊನೆಗೆ. ನಡುವಿನ ತಿಂಗಳುಗಳನ್ನು ದಾಟಲು ರಾತ್ರಿ ಪಾಳಿಗೆ ಹೋದವರು ಬೆಳಗಿನ ಮೊದಲ ಕ್ಲಾಸು ಬಿಡುತ್ತಾರೆ. ಪಿಯುಸಿ ಅಂಕದ ಮೇಲೆ ಕೇಂದ್ರದ ಸ್ಕಾಲರ್‌ಶಿಪ್ ಪಡೆಯುವವರಿಗೆ, ಅಂದರೆ ಮೊದಲ ಮೂರು ವರ್ಷ ವರ್ಷಕ್ಕೆ 12,000 ಬರುವವರಿಗೆ, ಇದು ನೇರ ಹೊಡೆತ, ನವೀಕರಣಕ್ಕೆ ಶೇ. 50 ಅಂಕದ ಜೊತೆ ಶೇ. 75 ಹಾಜರಾತಿಯೂ ಬೇಕು. ಸೆಮಿಸ್ಟರಿನ ನಡುವೆಯೇ ವಿಭಾಗದಲ್ಲಿ ಹಾಜರಾತಿ ಕೇಳಿ ಬರೆದಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ 71 ಎಂದು ಗೊತ್ತಾದರೆ ಸೇರಿಸಲು ಕ್ಲಾಸುಗಳೇ ಉಳಿದಿರುವುದಿಲ್ಲ.