ವಾಬಲ್: ಇಳಿಜಾರಿನಲ್ಲಿ ಸೈಕಲ್ ಅದುರುವುದೇಕೆ?

ವೇಗವಾಗಿ ಇಳಿಯುತ್ತಿರುವ ಸೈಕಲ್ಲಿನ ಹ್ಯಾಂಡಲ್ ತಾನಾಗಿಯೇ ಎಡಕ್ಕೂ ಬಲಕ್ಕೂ ಅದುರಲು ತೊಡಗಿ, ಆ ಅದುರು ಕ್ಷಣಕ್ಷಣಕ್ಕೂ ಹೆಚ್ಚುತ್ತ ಹೋಗುವುದಕ್ಕೆ ವಾಬಲ್ ಎನ್ನುತ್ತಾರೆ. ಶಿಮ್ಮಿ ಎಂಬ ಹೆಸರೂ ಉಂಟು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಒಳ್ಳೊಳ್ಳೆಯ ಸೈಕ್ಲಿಸ್ಟ್‌ಗಳನ್ನು ಕೊಟ್ಟಿವೆ. ಆದರೆ ಅಲ್ಲಿನ ಬಯಲು ರಸ್ತೆಗಳಲ್ಲಿ ಉದ್ದನೆಯ ಇಳಿಜಾರು ಅಪರೂಪ. ಬೆಳಗಾವಿ ದಾಟಿ ಚೋರ್ಲಾ ಘಾಟಿಯಲ್ಲಿ ಗೋವಾ ಕಡೆಗೆ ಇಳಿಯುವ ಮೊದಲೇ ಇದನ್ನು ತಿಳಿದಿರಬೇಕು.

ಮುಂದಿನ ಚಕ್ರ ತುಸು ಪಕ್ಕಕ್ಕೆ ತಿರುಗಿದರೆ ನೆಲದ ಒತ್ತಡವೇ ಅದನ್ನು ನೇರಕ್ಕೆ ತಳ್ಳುತ್ತದೆ. ಒಂದು ವೇಗ ಮೀರಿದಾಗ ಚಕ್ರ ನೇರಕ್ಕೆ ಬಂದು ನಿಲ್ಲದೆ ಆಚೆ ಬದಿಗೆ ದಾಟುತ್ತದೆ. ಜೊತೆಗೆ ಫ್ರೇಮ್ ಸ್ಪ್ರಿಂಗಿನಂತೆ ತಿರುಚಿಕೊಂಡು ಮರಳುತ್ತದೆ. ಎರಡರ ಲಯ ಕೂಡಿದರೆ, ಪಂಚಮಿಯ ಜೋಕಾಲಿಗೆ ಹೊತ್ತರಿತು ಜೀಕು ಕೊಟ್ಟ ಹಾಗೆ ತೂಗು ಏರುತ್ತಲೇ ಹೋಗುತ್ತದೆ. ಶುರುವಾಗಲು ಒಂದು ಸಣ್ಣ ಗುಂಡಿ, ಅಡ್ಡಗಾಳಿ ಅಥವಾ ಚಳಿಗೆ ನಡುಗುವ ತೋಳುಗಳೇ ಸಾಕು.

ಆಗ ಎಲ್ಲರೂ ಮಾಡುವುದು ಹ್ಯಾಂಡಲ್ ಬಿಗಿಹಿಡಿದು ತೋಳು ಸೆಟೆಸುವುದು. ಅದನ್ನು ಮಾಡಲೇಬೇಡಿ. ಅದುರು ಸೆಕೆಂಡಿಗೆ ಹಲವು ಬಾರಿ ಬರುತ್ತದೆ, ಕೈ ಅಷ್ಟು ಬೇಗ ತಿದ್ದಲಾರದು. ಹಿಡಿತ ಸಡಿಲಿಸಿ, ಆದರೆ ಕೈ ಬಿಡಬೇಡಿ. ಸೀಟಿನ ಮುಂದಿನ ಅಡ್ಡ ಪೈಪಿಗೆ ಮೊಣಕಾಲುಗಳನ್ನು ಬಲವಾಗಿ ಒತ್ತಿ; ಒಂದೇ ಕಾಲು ತಾಗಿದರೂ ಫ್ರೇಮಿನ ಲಯ ಮುರಿಯುತ್ತದೆ. ಸೀಟಿನ ಮೇಲಿನ ಭಾರವನ್ನು ಪೆಡಲ್‌ಗಳಿಗೆ ಇಳಿಸಿ. ಬ್ರೇಕನ್ನು ಮೆಲ್ಲಗೆ, ಮುಖ್ಯವಾಗಿ ಹಿಂದಿನದನ್ನು ಹಿಡಿಯಿರಿ. ಸಮತಟ್ಟು ರಸ್ತೆಯಲ್ಲೇ ಮೊಣಕಾಲು ಒತ್ತುವುದನ್ನು ರೂಢಿ ಮಾಡಿಕೊಂಡರೆ ಗಾಬರಿಯಲ್ಲೂ ಅದು ನೆನಪಾಗುತ್ತದೆ.

ಸೈಕಲ್ಲನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಜಗ್ಗಿದಾಗ ಹ್ಯಾಂಡಲ್ಲಿನ ಬುಡದಲ್ಲಿ ಟಕ್ ಎಂದರೆ ಅಲ್ಲಿನ ಬೇರಿಂಗ್ ಸಡಿಲ. ಚಕ್ರವನ್ನು ಎತ್ತಿ ರಿಮ್ಮನ್ನು ಪಕ್ಕಕ್ಕೆ ಅಲುಗಿಸಿದರೆ ಅಚ್ಚಿನ ಸಡಿಲ ಗೊತ್ತಾಗುತ್ತದೆ, ತಿರುಗಿಸಿದರೆ ರಿಮ್ಮಿನ ಬೆಂಡ್. ಕ್ಯಾರಿಯರ್‌ನಲ್ಲಿ ಓಲಾಡುವ ಹೊರೆಯೂ ಕಾರಣವಾಗಬಲ್ಲದು. ಎಲ್ಲ ಬಿಗಿಯಾಗಿರುವ ಹೊಸ ಸೈಕಲ್ಲೂ ಅದುರಬಹುದು, ಎತ್ತರದ ಫ್ರೇಮಿನದು ಹೆಚ್ಚು. ಆದ್ದರಿಂದ ‘ಸಡಿಲ ಏನೂ ಇಲ್ಲ’ ಎಂದು ರಿಪೇರಿ ಅಂಗಡಿಯವರು ಹೇಳಿದ ಮಾತ್ರಕ್ಕೆ ಸೈಕಲ್ ಅದುರಿತೆಂಬ ಸವಾರನ ಮಾತು ಸುಳ್ಳಾಗುವುದಿಲ್ಲ. ಟೈರ್ ಬದಲಿಸಿ, ಹೊರೆಯ ಜಾಗ ಬದಲಿಸಿ ನೋಡಬೇಕು.

ಅದುರು ನಿಂತ ಮೇಲೆ ರಸ್ತೆಬದಿಗೆ ಇಳಿದು ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಮತ್ತು ಫ್ರೇಮಿನ ಬೆಸುಗೆಗಳಲ್ಲಿ ಬಿರುಕು ಇದೆಯೇ ನೋಡಿ. ಇದ್ದರೆ ಉಳಿದ ಘಾಟಿಯನ್ನು ಸೈಕಲ್ ತಳ್ಳಿಕೊಂಡೇ ಇಳಿಯಿರಿ.